ಎಡಗೈಯ ಗುರುತು

3 ಜುಲೈ 2008, ಉಪ್ಪುಂದ

ಇವತ್ತೂ ಎರಡರಿಂದ ಮೂರೂವರೆ. ಊರು ಉಂಡು ಮಲಗುವ ಹೊತ್ತು. ಗೋಡೆಗೆ ಬರೆಯಲು ರಾತ್ರಿ ಹೋಗುವವರು ದಡ್ಡರು. ರಾತ್ರಿ ನಾಯಿಗಳಿಗೆ ಎಚ್ಚರ. ಮಧ್ಯಾಹ್ನ ಅವೂ ಮಲಗುತ್ತವೆ.

ತ್ರಾಸಿ ಬಸ್ ಸ್ಟ್ಯಾಂಡಿನ ಪಕ್ಕದ ಗೋಡೆ. ಸಿಮೆಂಟ್ ಜಾಹೀರಾತಿನ ಮೇಲೆ ‘ಗೋಡೆ ನೋಡುವವರದು’. ಕೆಂಪು ಎನಾಮಲ್, ಎರಡಿಂಚಿನ ಬ್ರಷ್. ಮುಗಿಸುವಷ್ಟರಲ್ಲಿ ಮಳೆ. ಕೊನೆಯ ಅಕ್ಷರ ಹರಿದು ನೆಲ ಸೇರಿತು. ಇರಲಿ.

ನಿಯಮ ಮತ್ತೊಮ್ಮೆ ಬರೆದಿಡುತ್ತೇನೆ. ಹೆಸರು ಹಾಕುವುದಿಲ್ಲ. ದುಡ್ಡಿಗೆ ಬರೆಯುವುದಿಲ್ಲ. ಬಡವರ ಗೋಡೆ ಮುಟ್ಟುವುದಿಲ್ಲ.

ಎಲ್ಲ ಕರಪತ್ರಗಳಿಂದ ಕಲಿತದ್ದು. ಅಪ್ಪಯ್ಯನ ಅಂಗಡಿಗೆ ಪೊಟ್ಟಣ ಕಟ್ಟಲು ರದ್ದಿ ಬರುತ್ತದೆ. ಅದರಲ್ಲಿ ಬೀಡಿ ಕಾರ್ಮಿಕರದು, ರೈತರದು, ಶಾಲೆ ಉಳಿಸುವವರದು. ಬೆಲ್ಲ ಸುತ್ತುವ ಮೊದಲು ಆರಿಸಿಕೊಳ್ಳುತ್ತೇನೆ. ಕೆಲವು ಅರ್ಧವೇ ಇರುತ್ತವೆ. ಉಳಿದರ್ಧ ನಾನೇ ಯೋಚಿಸಬೇಕು. ಒಳ್ಳೆಯ ಅಭ್ಯಾಸ.

6 ಜುಲೈ

ದೊಡ್ಡಮ್ಮನ ಮಗ ವಿಶಾಲ್ ಮುಂಬೈಯಿಂದ ಬಂದಿದ್ದಾನೆ. ಹೋಟೆಲಿನಲ್ಲಿ ಕ್ಯಾಷಿಯರ್. ಮನೆಯವರಿಗೆಲ್ಲ ಸಿಹಿ, ನನಗೆ ಎಂಟು ಹಾಳೆಯ ಜೆರಾಕ್ಸ್ ಪುಸ್ತಿಕೆ. ಹಿಂದಿಯಲ್ಲಿ. ಯಾರೋ ರೈಲಿನಲ್ಲಿ ಹಂಚಿದರಂತೆ. ‘ನಿನ್ ಹಾಂಗಿದ್ದ್ ಮಂಡೆಯವ್ರ್ ಬರ್ದದ್’ ಎಂದು ಕೈಗಿಟ್ಟ.

ಹಿಪ್‌ಹಾಪ್ ಎಂದರೆ ಹಾಡು ಅಂದುಕೊಂಡಿದ್ದೆ. ಅಲ್ಲ. ನಾಲ್ಕು ಕೆಲಸ ಸೇರಿ ಅದಾಗುವುದು — ತಾಳಕ್ಕೆ ಮಾತಾಡುವುದು, ಹಾಡಿನ ತಟ್ಟೆ ತಿರುಗಿಸುವುದು, ಕುಣಿಯುವುದು... ಗೋಡೆಗೆ ಬರೆಯುವುದು.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಎಲ್ಲಿಯೋ ಕಡಲಾಚೆ, ನಾನು ಹುಟ್ಟುವ ಮೊದಲೇ, ನನ್ನ ಕೆಲಸಕ್ಕೆ ಒಂದು ಹೆಸರಿತ್ತು.

ಅಲ್ಲಿನ ಬಡ ಹುಡುಗರು ರೈಲಿನ ಮೈಮೇಲೆ ಬರೆದರಂತೆ. ಅಕ್ಷರಕ್ಕೆ ಅಕ್ಷರ ಹೆಣೆದು, ಸುಲಭಕ್ಕೆ ಓದಲಾಗದ ಹಾಗೆ. ಗೋಡೆ ನಿಂತಲ್ಲೇ ನಿಂತಿರುತ್ತದೆ. ರೈಲು ಊರೆಲ್ಲ ಸುತ್ತುತ್ತದೆ.

9 ಜುಲೈ

ಬೈಂದೂರು ಸ್ಟೇಷನ್. ಒಂದು ಗೂಡ್ಸ್ ಗಾಡಿ ನಿಲ್ಲಲೇ ಇಲ್ಲ. ಇನ್ನೊಂದು ನಿಂತಿತು. ಹತ್ತಿರ ಹೋಗುವಷ್ಟರಲ್ಲಿ ಪೊಲೀಸಿನವನು ಎಂತ ಬೇಕಿತ್ತು ಎಂದ. ಮಡಗಾಂವ್ ಗಾಡಿ ಎಷ್ಟು ಗಂಟೆಗೆ ಎಂದು ಕೇಳಿ ಬಂದೆ. ಚೀಲದೊಳಗೆ ಬಣ್ಣದ ಡಬ್ಬಿ ಗಲಗಲ ಅನ್ನುತ್ತಿತ್ತು. ನಾಚಿಕೆ.

ಮನೆಗೆ ಬರದೆ ಕಡಲ ದಂಡೆಯಲ್ಲಿ ಕೂತೆ. ಆಗ ಹೊಳೆಯಿತು. ನಮ್ಮಲ್ಲಿ ಓಡಾಡುವುದು ರೈಲು ಅಲ್ಲ. ಕಣ್ಣೆದುರೇ ಸಾಲಾಗಿ ಮಲಗಿದ್ದವು.

ದೋಣಿ.

11 ಜುಲೈ

ಆಯಿತು. ನಾನು ಇಲ್ಲಿಯ ತನಕ ಮಾಡಿದ್ದರಲ್ಲೆಲ್ಲ ಇದೇ ಚೆಂದ.

ಮಳೆಗಾಲಕ್ಕೆಂದು ಮೇಲೆ ಎಳೆದು ಸೋಗೆಯ ಚಪ್ಪರದ ಕೆಳಗೆ ಇಟ್ಟ ದೋಣಿ. ಸೂರಣ್ಣನದು. ಎರಡು ಮಧ್ಯಾಹ್ನ ಹಿಡಿಯಿತು. ಮೂತಿಯ ಎರಡೂ ಬದಿಗೆ ಏನೋ ಹಳೆಯ ಬಣ್ಣವಿತ್ತು — ಕೆಂಪು ಗುಂಡು, ಬಿಳಿ ಗೆರೆ. ಸ್ಯಾಂಡ್ ಪೇಪರ್ ಹಾಕಿ ಮರ ಕಾಣುವ ತನಕ ತಿಕ್ಕಿದೆ. ತಳ ಸ್ವಚ್ಛವಿಲ್ಲದೆ ಬಣ್ಣ ನಿಲ್ಲದು ಎಂದು ಪುಸ್ತಿಕೆಯಲ್ಲಿತ್ತು. ಮೇಲೆ ನೀಲಿಯಲ್ಲಿ, ಹೆಣೆದ ಅಕ್ಷರದಲ್ಲಿ — ‘ಕಡಲು ಯಾರಪ್ಪನದೂ ಅಲ್ಲ’.

ಮೂರನೇ ನಿಯಮ ಮುರಿದಿಲ್ಲ. ದೋಣಿ ಗೋಡೆಯಲ್ಲ. ಮೇಲಾಗಿ ಇದು ಅವರ ಪರವಾಗಿಯೇ ಬರೆದದ್ದು. ನಾಳೆ ನೋಡಿ ಖುಷಿಪಡುತ್ತಾರೆ.

12 ಜುಲೈ

ಖುಷಿಪಡಲಿಲ್ಲ.

ಬೆಳಿಗ್ಗೆ ಸೂರಣ್ಣ ಅಂಗಡಿಗೆ ಬಂದ. ಯಾರೂ ಹೇಳಬೇಕಿರಲಿಲ್ಲ. ದೋಣಿಯಿಂದ ನಮ್ಮ ಅಂಗಡಿಯ ಮೆಟ್ಟಿಲ ತನಕ ನೀಲಿ ಹೆಜ್ಜೆ. ಹೆಸರು ಹಾಕದವನು ಕಾಲು ಹಾಕಿಕೊಂಡು ಬಂದಿದ್ದೆ.

“ಹ್ವಾಯ್ ಚೆನ್ನಯ್ಯಣ್ಣ, ನಿಮ್ಮ ಗಂಡ್ ಮಗಂಗೆ ಓದಿದ್ದ್ ಜಾಸ್ತಿ ಆಯ್ತ್ ಕಾಣಿ.”

ಅಪ್ಪಯ್ಯ ನನ್ನ ಕಾಲು ನೋಡಿದರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ನಿಮ್ಮ ಪರವಾಗಿಯೇ ಬರೆದದ್ದು, ಕಡಲು ಕಂಪೆನಿಯವರದಲ್ಲ, ಯಾರಪ್ಪನದೂ ಅಲ್ಲ ಅಂತ ಅರ್ಥ ಎಂದು ವಿವರಿಸಿದೆ. ಅವನು ಪೂರ್ತಿ ಕೇಳಿದ. ತಾಳ್ಮೆಯ ಮನುಷ್ಯ.

“ಕಡ್ಲ್ ಯಾರಪ್ಪಂದೂ ಅಲ್ಲ, ಸರಿ. ದೋಣಿ ನನ್ನ ಅಪ್ಪಯ್ಯಂದ್.”

ನಂತರ ಗೊತ್ತಾದದ್ದು: ಆ ಕೆಂಪು ಗುಂಡು, ಬಿಳಿ ಗೆರೆ ಸೂರಣ್ಣನ ಅಪ್ಪ ಬರೆದದ್ದು. ಅವರು ತೀರಿಕೊಂಡು ಆರು ವರ್ಷ. ಅಂದಿನಿಂದ ಅದರ ಮೇಲೆ ಬರೀ ವಾರ್ನಿಷ್, ಬಣ್ಣ ಮುಟ್ಟಿದವರಿಲ್ಲ. ಸೂರಣ್ಣನ ತಾಯಿ ಅಕ್ಕು ಅಜ್ಜಿಗೆ, ಊರಿಗೆಲ್ಲ ಅಕ್ಕಜ್ಜಿ, ಓದು ಬಾರದು. ಮರಳ ದಿಬ್ಬದ ಮೇಲೆ ನಿಂತು, ಎಲ್ಲರಿಗಿಂತ ಮೊದಲು, ಆ ಗುರುತಿನಿಂದಲೇ ನಮ್ಮ ದೋಣಿ ಬಂತು ಎಂದು ಹೇಳುವವಳು ಅವಳು. ಅವಳ ಮಾತಿನ ಮೇಲೆ ಹೆಂಗಸರು ಬುಟ್ಟಿ ಎತ್ತಿಕೊಂಡು ನೀರಿಗೆ ಇಳಿಯುತ್ತಾರೆ.

ಈಗ ಅಜ್ಜಿ ಹೇಳಿದ್ದಾಳಂತೆ: ಮುಖ ಇಲ್ಲದ ದೋಣಿ ಇಳಿಸಬಾರದು. ತಾಯಿ ಹೂಂ ಅನ್ನದೆ ಸೂರಣ್ಣ ಇಳಿಸುವುದಿಲ್ಲ. ಆ ದೋಣಿಯಲ್ಲಿ ದುಡಿಯುವವರು ಆರು ಮಂದಿ. ದೋಣಿಗಳೆಲ್ಲ ಇಳಿಯುವ ನೂಲು ಹುಣ್ಣಿಮೆಯ ಸಮುದ್ರ ಪೂಜೆಗೆ ಐದು ವಾರ ಉಳಿದಿದೆ.

ಅಪ್ಪಯ್ಯ ಬೈಯಲಿಲ್ಲ. ಅಟ್ಟದಿಂದ ಕೆಂಪು ಡಬ್ಬಿ, ಬಿಳಿ ಡಬ್ಬಿ, ಟರ್ಪೆಂಟೈನ್ ಇಳಿಸಿ ನನ್ನ ಮುಂದಿಟ್ಟರು. ಬೈಯುವ ಕೆಲಸ ಅಮ್ಮ ಮಾಡಿದಳು.

“ಊರ್ ಉದ್ಧಾರ ಮಾಡುಕೆ ಹೊರಟವ್ರ್. ಮನಿ ಅಂಗಳ ಗುಡ್ಸುಕೆ ಹೇಳ್ರೆ ಸೊಂಟ ನೋವು.”

15 ಜುಲೈ

ನೀಲಿ ಪೂರ್ತಿ ತೆಗೆದೆ. ಕೈಯ ಚರ್ಮವೂ ಸ್ವಲ್ಪ ಹೋಯಿತು. ಹಳೆಯ ಗುರುತಿನ ನೆರಳಾದರೂ ಸಿಗಬಹುದು ಅಂದುಕೊಂಡಿದ್ದೆ. ಇಲ್ಲ. ಅಷ್ಟು ಚೆನ್ನಾಗಿ ತಿಕ್ಕಿದ್ದೆ. ಫೋಟೋ ಇದೆಯಾ ಎಂದು ಕೇಳಿದೆ. ದೋಣಿಯ ಫೋಟೋ ಯಾರು ತೆಗೆಯುತ್ತಾರೆ ಎಂದು ಸೂರಣ್ಣನ ಹೆಂಡತಿ ವನಜಕ್ಕ ನಕ್ಕಳು.

ಕೆಂಪು ಗುಂಡು, ಅದರಾಚೆಗೆ ರೆಕ್ಕೆಯ ಹಾಗೆ ಎರಡು ಬಿಳಿ ಗೆರೆ — ಇದನ್ನು ಎಲ್ಲರೂ ಒಪ್ಪುತ್ತಾರೆ. ಎಷ್ಟು ದಪ್ಪ, ಎಷ್ಟು ಬಾಗು? ಒಬ್ಬೊಬ್ಬರದು ಒಂದೊಂದು.

19 ಜುಲೈ

ಹಗ್ಗ ಕಟ್ಟಿ ವೃತ್ತ ಎಳೆದೆ. ಎರಡು ಗೆರೆಯನ್ನೂ ಅಳತೆ ಹಿಡಿದು ಸಮ ಮಾಡಿದೆ. ಕಂಪೆನಿಯ ಬೋರ್ಡಿನಷ್ಟು ನೇರ. ಅಕ್ಕಜ್ಜಿ ದಿಬ್ಬದ ಮೇಲೆ ಹೋಗಿ ನಿಂತಳು. ಹತ್ತಿರದ್ದು ಅವಳಿಗೆ ಕಾಣುವುದಿಲ್ಲ. ದೂರದ್ದು ನಮಗಿಂತ ಚೆನ್ನಾಗಿ ಕಾಣುತ್ತದೆ.

“ಇದ್ ನಮ್ ದೋಣಿ ಅಲ್ಲ.”

ಏನು ತಪ್ಪಿದೆ ಎಂದು ಕೇಳಿದೆ. ಗೊತ್ತಿಲ್ಲವಂತೆ. ಅಲ್ಲ, ಅಷ್ಟೆ.

27 ಜುಲೈ

ಎರಡನೆಯದು. ಮಳೆಗೆ ಎನಾಮಲ್ ಒಣಗದೆ ನಾಲ್ಕು ದಿನ ಕಾದೆ. ಗೆರೆ ದಪ್ಪ ಮಾಡಿದ್ದೆ. ‘ಅಲ್ಲ.’

2 ಆಗಸ್ಟ್

ಮೂರನೆಯದು. ಗೆರೆ ತೆಳು. ‘ಅಲ್ಲ ಮಗಾ.’ ಮಗಾ ಎಂದದ್ದೊಂದು ಲಾಭ.

ಚಪ್ಪರದಡಿ ಒಬ್ಬನೇ ಕೂತು ಯೋಚಿಸಿದೆ. ನನ್ನ ಗೋಣಿಯಲ್ಲಿ ಇನ್ನೂರು ಕರಪತ್ರವಿದೆ. ಬಡವರ ಪರ ಅಷ್ಟೂ ಓದಿದ್ದೇನೆ. ಒಬ್ಬ ಬಡವ ಬರೆದದ್ದನ್ನು ಓದದೆ ತಿಕ್ಕಿ ಹಾಕಿದೆ.

ಆರು ಮಂದಿಯಲ್ಲಿ ಒಬ್ಬ ಐತ. ಇವತ್ತು ನನ್ನ ಪಕ್ಕ ಬಂದು ಕೂತ, ಬೀಡಿ ಹಚ್ಚಿದ. ‘ನಿಧಾನ ಮಾಡ್, ನಮ್ಗೆ ಕೂಕಂಡ್ ಅಭ್ಯಾಸ ಆಯ್ತ್’ ಎಂದ. ಬೈದಿದ್ದರೆ ಒಳ್ಳೆಯದಿತ್ತು.

7 ಆಗಸ್ಟ್

ವನಜಕ್ಕ ಹಳೆಯ ಬಲೆ ಹರಡಿಕೊಂಡು ಹೆಣೆಯುತ್ತಿದ್ದಳು. ಗಂಜಿ ಕೊಟ್ಟಳು. ಉಣ್ಣುತ್ತಾ ಕೂತಿದ್ದೆ. ಒಂದು ಕಡೆ ಬಂದಾಗ ಗೊಣಗಿದಳು. ಇದು ಮಾವ ಹಾಕಿದ ಗಂಟು, ಎಲ್ಲರ ಗಂಟೂ ಒಂದು ಕಡೆಗೆ ತಿರುಗಿದರೆ ಇವರದು ಇನ್ನೊಂದು ಕಡೆಗೆ, ಬಿಚ್ಚಲು ಹೋದರೆ ಉಗುರು ಮುರಿಯುತ್ತದೆ ಎಂದಳು.

ಗಂಜಿ ಕೆಳಗಿಟ್ಟೆ. ಗಂಟು ನೋಡಿದೆ. ಹೌದು, ತಿರುವು ಉಲ್ಟಾ.

ಅಜ್ಜಿಯನ್ನು ಕೇಳಿದೆ, ಅಜ್ಜ ಎಡಗೈಯವರಾ? ಅವಳಿಗೆ ಆಶ್ಚರ್ಯ. ಇದನ್ನೂ ಕೇಳಬೇಕಾ ಎಂಬ ಹಾಗೆ.

“ಊಟಕ್ ಮಾತ್ರ ಬಲಗೈ. ಅದೂ ಅವ್ರ ಅಬ್ಬೆ ಹೊಡ್ದ್ ಕಲ್ಸಿದ್ದ್. ಬಾಕಿ ಎಲ್ಲ ಎಡಗೈ.”

ನಾಲ್ಕು ವಾರ. ಆಕಾರ ಹುಡುಕಿದೆ, ದಪ್ಪ ಹುಡುಕಿದೆ. ಕೈಯನ್ನು ಹುಡುಕಲಿಲ್ಲ.

8 ಆಗಸ್ಟ್

ಒದ್ದೆ ಮರಳಿನ ಮೇಲೆ ಕೋಲು ಹಿಡಿದು ಎಡಗೈಯಲ್ಲಿ ನೂರು ಸಲ. ಎರಡನೇ ಕ್ಲಾಸಿನ ಮಗುವಿನ ಅಕ್ಷರ. ತೆರೆ ಬಂದು ಅಳಿಸುತ್ತದೆ, ಮತ್ತೆ ಬರೆಯುತ್ತೇನೆ. ಇಷ್ಟು ದೊಡ್ಡ ಸ್ಲೇಟು ಯಾರಿಗೂ ಸಿಕ್ಕಿರಲಾರದು.

13 ಆಗಸ್ಟ್

ಬರೆದೆ. ಎಡಗೈ, ಒಂದೇ ಎಳೆತ. ಗುಂಡು ಸ್ವಲ್ಪ ಮೊಟ್ಟೆಯಾಯಿತು. ಎರಡನೇ ಗೆರೆ ಹೊರಡುವಾಗ ದಪ್ಪ, ಹೋಗುತ್ತಾ ತೆಳುವಾಗಿ ಮೇಲಕ್ಕೆ ಹಾರಿತು. ಬಲಗೈಗೆ ಈ ತಿರುವು ಬರುವುದೇ ಇಲ್ಲ. ಸರಿಪಡಿಸಬೇಕೆನ್ನಿಸಿತು. ಕೈ ಹಿಂದಕ್ಕೆ ಕಟ್ಟಿ ನಿಂತೆ.

14 ಆಗಸ್ಟ್

ಬೆಳಿಗ್ಗೆ ಆರು ಮಂದಿ ಸೇರಿ ದೋಣಿಯನ್ನು ಚಪ್ಪರದಿಂದ ಹೊರಗೆಳೆದರು. ನಾನೂ ಕೈ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ. ಅಕ್ಕಜ್ಜಿ ದಿಬ್ಬ ಹತ್ತಿದಳು. ಹಣೆಗೆ ಕೈ ಇಟ್ಟು ನೋಡಿದಳು. ತುಂಬಾ ಹೊತ್ತು. ಐತನ ಬೀಡಿ ಆರಿತು.

ಅವಳು ನಮ್ಮ ಕಡೆ ನೋಡಲಿಲ್ಲ. ದೋಣಿಯನ್ನೇ ನೋಡುತ್ತಾ ಸೊಸೆಗೆ ಹೇಳಿದಳು.

“ವನಜಾ, ಅವ್ರ್ ಬಂದ್ರ್. ಬುಟ್ಟಿ ತಕಂಡ್ ಬಾ.”

ಸೂರಣ್ಣ ನೀರಿನ ಕಡೆ ತಿರುಗಿ ನಿಂತ.

 

16 ಆಗಸ್ಟ್. ನೂಲು ಹುಣ್ಣಿಮೆ

ಸಮುದ್ರಕ್ಕೆ ಹಾಲು, ಕಾಯಿ. ದೋಣಿ ಇಳಿಯಿತು. ತೆರೆ ಹತ್ತುವಾಗ ಮೂತಿ ಮೇಲೆದ್ದು ಆ ಗೆರೆ ಹಾರಿದ ಹಾಗೆ ಕಂಡಿತು. ಬರೆದಿದ್ದು ಹೀಗೆ ನೋಡಲಿಕ್ಕೆ ಅಂತ ಈಗ ಗೊತ್ತಾಯಿತು. ನಿಂತಲ್ಲಿ ಅಲ್ಲ, ನೀರಿನಲ್ಲಿ.

ಥ್ಯಾಂಕ್ಸ್ ಅನ್ನುವುದು ನಮ್ಮ ಕಡೆ ಅಭ್ಯಾಸವಿಲ್ಲ. ಇಲ್ಲಿ ಬರೆದಿಡುತ್ತೇನೆ. ಸೂರಣ್ಣ, ಐತ, ವನಜಕ್ಕ. ಅಕ್ಕಜ್ಜಿ. ಆ ಅಜ್ಜ. ಹೆಸರು ಕೇಳಿದೆ. ಗಂಡನ ಹೆಸರು ಅಜ್ಜಿ ಹೇಳುವುದಿಲ್ಲ. ಕೈ ಗೊತ್ತಾಯಿತು, ಸಾಕು.

30 ಸೆಪ್ಟೆಂಬರ್ 2009

ಈ ವರ್ಷ ನಾಲ್ಕು ದೋಣಿಯವರು ಕರೆದರು. ಮೊದಲು ಅವರ ಹಳೆಯ ಗುರುತು ನೋಡುತ್ತೇನೆ, ಬರೆದವರು ಯಾರು ಎಂದು ಕೇಳುತ್ತೇನೆ. ಆಮೇಲೆ ಬ್ರಷ್. ಮೀನು ಕೊಡುತ್ತಾರೆ. ಮೀನು ದುಡ್ಡಲ್ಲ ಎಂದು ತೀರ್ಮಾನಿಸಿದ್ದೇನೆ. ಅಮ್ಮ ಬಂಗುಡೆ ಹೆಚ್ಚುತ್ತಾ, ಕರಪತ್ರದಿಂದ ಮನೆಗೆ ಬಂದ ಮೊದಲ ಸಾರು ಎಂದಳು.

1 ಜೂನ್ 2010, ಕುಂದಾಪುರ

ದುಡ್ಡಿಗೆ ಬರೆಯುವುದಿಲ್ಲ ಎಂಬ ಎರಡನೇ ನಿಯಮ ಸತ್ತಿತು. ಡಿಟಿಪಿ ಅಂಗಡಿಯಲ್ಲಿ ಕೆಲಸ. ಡಿಗ್ರಿ ಎರಡು ಸಬ್ಜೆಕ್ಟಿನಲ್ಲಿ ಹೋಗಿದೆ, ಮನೆಯಲ್ಲಿ ಕೂರುವ ಮುಖವಿಲ್ಲ. ಮದುವೆ ಕಾಗದ, ಹುಟ್ಟುಹಬ್ಬದ ಫ್ಲೆಕ್ಸ್. ಯಜಮಾನರು ಒಳ್ಳೆಯವರು. ಕೆಲಸ ಮುಗಿದ ಮೇಲೆ ಒಂದು ಗಂಟೆ ಕಂಪ್ಯೂಟರ್ ನನಗೆ ಬಿಡುತ್ತಾರೆ. ಗೆರೆ ಎಳೆಯುವ ಸಾಫ್ಟ್‌ವೇರ್, ಕೋರೆಲ್, ಕಲಿಯುತ್ತಿದ್ದೇನೆ. ಅದರಲ್ಲಿ ಯಾವ ಗೆರೆಯೂ ನಡುಗುವುದಿಲ್ಲ. ಅದೇ ಭಯ.

22 ಸೆಪ್ಟೆಂಬರ್ 2011

ಸಾಲಿಗ್ರಾಮದಿಂದ ಶಾಮರಾಯರು ಬಂದಿದ್ದರು. ದೇವಸ್ಥಾನದ ಸೇವೆಯಲ್ಲಿರುವವರು. ಆಮಂತ್ರಣದ ಪ್ರೂಫನ್ನು ಅಕ್ಷರ ಅಕ್ಷರ ಗಟ್ಟಿಯಾಗಿ ಓದುವ ಮನುಷ್ಯ. ಅವರು ಓದುತ್ತಿರುವಾಗ ಜೊತೆಗೆ ಬಂದ ಮಗ ರಜತ್ ಮೆಲ್ಲಗೆ ಒಂದು ಪೆನ್ ಡ್ರೈವ್ ನನ್ನ ಕಡೆ ಸರಿಸಿದ. ಕೇಳಿ ನೋಡಿ, ಸಿಡಿಗೆ ಕವರ್ ಬೇಕು, ಅಪ್ಪಯ್ಯನಿಗೆ ಗೊತ್ತಿಲ್ಲ ಎಂದ.

ಅವರು ಹೋದ ಮೇಲೆ ಕೇಳಿದೆ. ಕುಂದಾಪ್ರ ಕನ್ನಡದ ರ್‍ಯಾಪ್. ನಮ್ಮ ಮನೆಯ ಭಾಷೆ, ನಮ್ಮ ಬೈಗುಳ. ಅಂಥ ವೇಗ... ಉಸಿರು ಎಲ್ಲಿ ತೆಗೆಯುತ್ತಾನೋ. ಏಳನೇ ವರ್ಷದಿಂದ ಮಂತ್ರ ಹೇಳಿದ ನಾಲಿಗೆ. ತಾಳ ಮಾಡುವವಳು ಅವನ ತಂಗಿ ಶ್ರಾವ್ಯ, ಒರಳುಕಲ್ಲಿನ ಸದ್ದು ಹಿಡಿದು ಕಂಪ್ಯೂಟರಿನಲ್ಲಿ ಹೆಣೆದಿದ್ದಾಳೆ. ತಂಡದ ಹೆಸರು ‘ಉಪ್ಪುನೀರು’.

“ಕಾಂಬುಕೆ ಬಂದವ್ರ್ ಕಡ್ಲ್ ಕಂಡ್ರ್, ಕಡ್ಲ್ ಕಂಡದ್ ಯಾರನ್ನ?”

ಈ ಒಂದು ಸಾಲು ಹತ್ತು ಸಲ ಹಿಂದಕ್ಕೆ ತಿರುಗಿಸಿದೆ. ಎಂಟು ಹಾಳೆಯ ಪುಸ್ತಿಕೆಯಲ್ಲಿದ್ದ ನಾಲ್ಕು ಕೆಲಸದಲ್ಲಿ ನನ್ನದು ಒಂದೇ ಇತ್ತು, ಒಂಟಿಯಾಗಿ. ಇನ್ನೆರಡು ಇಷ್ಟು ಹತ್ತಿರ, ಸಾಲಿಗ್ರಾಮದಲ್ಲಿ ಇದ್ದವು.

10 ಅಕ್ಟೋಬರ್

ಮೊದಲ ಕವರ್ ತೋರಿಸಿದೆ. ಚೂಪು ಅಕ್ಷರ, ಬಾಣ, ನೆರಳು, ಹೊಳಪು. ಇಂಟರ್‌ನೆಟ್‌ನಲ್ಲಿ ಎರಡು ವಾರ ನೋಡಿ ಮಾಡಿದ್ದು. ರಜತ್ ಸೂಪರ್ ಎಂದ. ಬಲವಂತ ಮಾಡಿದ ಮೇಲೆ ಶ್ರಾವ್ಯ ಹೇಳಿದಳು.

“ಚೆಂದ ಇತ್ತ್. ನಮ್ದಲ್ಲ.”

ಏನು ತಪ್ಪಿದೆ ಎಂದು ಕೇಳಲಿಲ್ಲ. ಈ ಉತ್ತರ ಮರಳ ದಿಬ್ಬದ ಮೇಲಿನಿಂದ ಒಮ್ಮೆ ಕೇಳಿದ್ದೇನೆ.

16 ಅಕ್ಟೋಬರ್, ಉಪ್ಪುಂದ

ರಜೆ. ಚಪ್ಪರದಡಿಯ ಒಂದು ಹಳೆಯ ಹಲಗೆ ತಂದೆ. ಎನಾಮಲ್ ಡಬ್ಬಿ ತೆರೆದೆ. ರಜತನ ಹಾಡು ಮೊಬೈಲಿನಲ್ಲಿ. ಎಡಗೈ.

ವರ್ಷಕ್ಕೂ ಮೇಲೆ ಮೌಸ್ ಹಿಡಿದು ಬಲಗೈ ಜಾಣನಾಗಿದೆ. ಎಡಗೈ ಇನ್ನೂ ಮರಳಿನಲ್ಲೇ ಇದೆ. ಒಳ್ಳೆಯದಾಯಿತು. ಉ-ವಿನ ಹೊಟ್ಟೆಯಿಂದ ಪ್ಪು ಹೊರಟು, ನೀರು ಅದರ ಬೆನ್ನು ಹತ್ತಿ, ಕೊನೆಯ ಗೆರೆ ತೆಳುವಾಗಿ ಮೇಲೆ ಹಾರಿತು. ಓದಲು ಒಂದು ಕ್ಷಣ ಬೇಕು. ಗುರುತಿಸಲು ಬೇಡ.

ಫೋಟೋ ತೆಗೆದು ಕೋರೆಲ್‌ಗೆ ಹಾಕುತ್ತೇನೆ. ನಡುಗಿದಲ್ಲಿ ನಡುಗಿದ ಹಾಗೇ ಇರಲಿ.

18 ಅಕ್ಟೋಬರ್

ಶ್ರಾವ್ಯ ನೋಡಿದಳು. ತನ್ನ ಮೊಬೈಲಿಗೆ ಹಾಕಿಕೊಡಿ ಎಂದಳು, ಸ್ಕ್ರೀನಿಗೆ.

4 ನವೆಂಬರ್

ಹಿಂಬದಿಯಲ್ಲಿ ಹೆಸರು ಹಾಕಬೇಕಂತೆ — ಕಲೆ: ಕೀರ್ತನ್. ಬೇಡ ಎಂದೆ. ರಜತ್ ಜಗಳಕ್ಕೇ ಬಂದ. ನಾನೂ ಬಿಡಲಿಲ್ಲ. ಎರಡನೇ ನಿಯಮ ಹೋಗಿದೆ, ಮೂರನೆಯದನ್ನು ನಾನೇ ಮುರಿದೆ. ಉಳಿದಿರುವುದು ಮೊದಲನೆಯದು ಒಂದೇ. ಯಾರಿಗೂ ಗೊತ್ತಾಗದಿದ್ದರೆ ಏನು ಪ್ರಯೋಜನ ಎಂದು ಶ್ರಾವ್ಯ ಕೇಳಿದಳು. ಉತ್ತರ ಕೊಟ್ಟೆ, ಕರಪತ್ರದ ಉತ್ತರ. ಹೇಳುವಾಗಲೇ ಅರ್ಧ ಪುಟ ಹರಿದ ಹಾಗೆ ಅನ್ನಿಸಿತು.

15 ಜನವರಿ 2012

ಬ್ರಹ್ಮಾವರದಲ್ಲಿ ಮೊದಲ ಶೋ, ಮುಂದಿನ ಭಾನುವಾರ. ಪೋಸ್ಟರ್ ಬಂತು. ಹಲಗೆಯ ಮೇಲಿನದೇ, ಆಳೆತ್ತರಕ್ಕೆ. ತೆಕ್ಕಟ್ಟೆ, ಕುಂದಾಪುರ, ಕೊನೆಗೆ ತ್ರಾಸಿ. ಅದೇ ಬಸ್ ಸ್ಟ್ಯಾಂಡ್, ಅದೇ ಗೋಡೆ. ಈ ಸಲ ಗೋಡೆಯವರನ್ನು ಕೇಳಿದೆ. ಹಾಕು ಮಾರಾಯ, ಅದರಲ್ಲಿ ಕೇಳುವುದೇನು ಎಂದರು. ಕೇಳುವುದು ಇಷ್ಟು ಸುಲಭ ಎಂದು ಯಾವ ಕರಪತ್ರವೂ ಬರೆದಿರಲಿಲ್ಲ.

ಇನ್ನೊಂದು. ಶಾಮರಾಯರಿಗೆ ಗೊತ್ತಾಗಿದೆ. ಮಗನ ಹಾಡು ಪೂರ್ತಿ ಕೇಳಿ, ಮೂರನೇ ಹಾಡಿನಲ್ಲಿ ಒಂದು ಕಡೆ ಉಸಿರು ತಪ್ಪಿದೆ, ಸರಿಮಾಡು ಎಂದರಂತೆ.

19 ಜನವರಿ, ಉಪ್ಪುಂದ. ಸಂಜೆ

ವನಜಕ್ಕ ಅಂಗಡಿಗೆ ಬಂದಿದ್ದಳು. ಅಪ್ಪಯ್ಯನ ಎದುರೇ ಹೇಳಿದಳು. ಹೇಳಿದ ಹಾಗೇ ಬರೆದಿಡುತ್ತೇನೆ.

ಬೆಳಿಗ್ಗೆ ಅಕ್ಕಜ್ಜಿಯನ್ನು ಕಣ್ಣು ತೋರಿಸಲು ಕುಂದಾಪುರಕ್ಕೆ ಕರೆದುಕೊಂಡು ಹೋಗಿದ್ದಳಂತೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಅಜ್ಜಿ. ತ್ರಾಸಿ ಬರುವ ಮೊದಲೇ, ಬಸ್ ಸ್ಟ್ಯಾಂಡ್ ಇನ್ನೂ ಅಷ್ಟು ದೂರ ಇರುವಾಗ, ಅಜ್ಜಿ ಎದ್ದು ನಿಂತಳಂತೆ. ಕಂಡಕ್ಟರ್ ಇಳಿಯುವುದಾ ಎಂದು ಸೀಟಿ ಊದಿದನಂತೆ. ಪೋಸ್ಟರಿನ ಬಗ್ಗೆ ನಾನು ಆ ಮನೆಯಲ್ಲಿ ಹೇಳಿಯೇ ಇಲ್ಲ. ವನಜಕ್ಕ ಅಕ್ಷರ ಕೂಡಿಸಿ ‘ಉಪ್ಪು...’ ಎಂದು ಓದುತ್ತಿದ್ದಾಗ ಅಜ್ಜಿ ಅವಳ ಕೈ ಹಿಡಿದು ಹೇಳಿದಳಂತೆ —

“ಅವ್ರ್ ಬರ್ದ ಹಾಂಗೇ ಇತ್ತ್. ಆದ್ರೆ ಅವ್ರದ್ದಲ್ಲ. ಅದ್ ನಮ್ ಕೀರ್ತನಂದ್.”

ಅಪ್ಪಯ್ಯ ಅಕ್ಕಿ ತೂಗುತ್ತಿದ್ದವರು ತಕ್ಕಡಿ ಹಾಗೇ ಹಿಡಿದುಕೊಂಡು ನಿಂತರು.

ಹೆಸರಿಲ್ಲ. ಎಲ್ಲೂ ಹಾಕಿಲ್ಲ. ಓದು ಬಾರದವಳು, ಓಡುವ ಬಸ್ಸಿನಿಂದ, ಎರಡು ಕೈಗಳ ನಡುವಿನ ವ್ಯತ್ಯಾಸ ಓದಿದಳು. ಇಷ್ಟು ದಿನ ಅಜ್ಜನ ಕೈಯಲ್ಲಿ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ. ನನಗೂ ಒಂದು ಕೈ ಬಂದಿದೆ ಅಂತ ನನಗೆ ಗೊತ್ತಾಗುವ ಮೊದಲು ಅವಳಿಗೆ...

ಶ್ರಾವ್ಯಳಿಗೆ ಹೇಳಬೇಕು. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು.

ಭಾನುವಾರ ಅಜ್ಜಿಯನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋಗುತ್ತೇನೆ. ಹಿಂದಿನ ಸಾಲಿನಲ್ಲಿ ಕೂರಿಸುತ್ತೇನೆ, ದೂರದಿಂದಲೇ ಅವಳಿಗೆ ಚೆನ್ನಾಗಿ ಕಾಣುವುದು. ರಜತನ ವೇಗಕ್ಕೆ ಏನನ್ನುತ್ತಾಳೋ. ಸೂರಣ್ಣ ಬರುತ್ತಾನಂತೆ, ಐತ ಬೀಡಿ ಸೇದಲು ಬಿಡುವುದಾದರೆ ಬರುತ್ತಾನಂತೆ. ಅಮ್ಮ ಬರುವುದಿಲ್ಲ ಅನ್ನುತ್ತಾ ಸೀರೆಗೆ ಇಸ್ತ್ರಿ ಹಾಕಿಟ್ಟಿದ್ದಾಳೆ. ಎಲ್ಲರಿಗೂ ಜಾಗ ಹಿಡಿಯಬೇಕು. ಎಂಟು ಹಾಳೆಯ ಆ ಜೆರಾಕ್ಸ್ ತಂದ ವಿಶಾಲನಿಗೆ ಫೋನ್ ಮಾಡಬೇಕು. ಗೋಣಿಯಲ್ಲಿ ಹುಡುಕಿದೆ, ಇನ್ನೂ ಇದೆ, ಮೂಲೆಗೆ ನೀಲಿ ಬೆರಳಿನ ಗುರುತು.

ಅಮ್ಮ ಅಂಗಳದಿಂದ ಕರೆಯುತ್ತಿದ್ದಾಳೆ. ಅಕ್ಕಜ್ಜಿ ಬಂದಿದ್ದಾಳಂತೆ. ಹೊಸ ಕನ್ನಡಕ ಹಾಕಿಕೊಂಡು. ಹತ್ತಿರದಿಂದ ನನ್ನ ಕೈ ನೋಡಬೇಕಂತೆ, ಯಾವುದು ಎಂದು ಕೇಳಿದರೆ ಎಡಗೈಯಂತೆ. ಹೊರಟೆ.